ಏಳನೆಯ ಮಗ್ಗು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 7
ಒಲೆ ಹೊತ್ತಿಸಿಯಾಯಿತು. ಅಣ್ಣ ಹೋಗಿ ಹನ್ನೊಂದು ದಿನ. ಬೀಗದ ಕೈ ಜೇಬಿನಲ್ಲೇ ಇತ್ತು, ಆದರೂ ಸೋಪಿನ ಕಾರ್ಖಾನೆಯ ಬಾಗಿಲ ಮುಂದೆ ನಿಂತು ಅವನಿಗಾಗಿ ಕಾದೆ. ಹಂಡೆ ಅವನದು, ಆಫೀಸು ನನ್ನದು — ಅಪ್ಪ ಮಾಡಿಟ್ಟ ಪಾಲು ಅದು. ಇಷ್ಟು ವರ್ಷ ಒಬ್ಬರದಕ್ಕೆ ಒಬ್ಬರು ಕೈ ಹಾಕಿರಲಿಲ್ಲ.
ಎದೆ ಹಿಡಿದುಕೊಂಡು ಬಿದ್ದನಲ್ಲ, ಅದರ ಹಿಂದಿನ ದಿನ ಕುದಿಸಿದ ಸೋಪು ರ್ಯಾಕಿನಲ್ಲಿ ಒಣಗುತ್ತಿದೆ. ನಾಲ್ಕು ವಾರ ಒಣಗಬೇಕು. ಒಂದು ಸೋಪಿನ ಬಾರಿನ ಮೂಲೆಯಲ್ಲಿ ಅವನ ಹೆಬ್ಬೆರಳಿನ ಗುರುತು.

ಮಾರ್ಚ್ 9
ಅತ್ತಿಗೆ ಬಂದಿದ್ದರು. ಎಷ್ಟು ಹೇಳಿದರೂ ಕೂರಲಿಲ್ಲ. ನೇರ ರ್ಯಾಕಿನ ಹತ್ತಿರ ಹೋದರು.
"ಒಂದು ಕೊಡು. ಅವರ ಕೈಯಿಂದ ಆದದ್ದು ಇದೇ ಕೊನೇದು."
"ಇನ್ನೂ ಹಸಿ ಇದೆ ಅತ್ತಿಗೆ."
"ನಾನೇನು ಅಂಗಡೀಲಿ ಮಾರೋಕೆ ಕೇಳ್ತಿದ್ದೀನಾ?"
ಹೆಬ್ಬೆರಳಿನ ಗುರುತು ಇದ್ದದ್ದನ್ನೇ ಕೊಟ್ಟೆ. ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಮಾರ್ಚ್ 19, ಮಧ್ಯಾಹ್ನ
ನಾಲ್ಕು ವಾರ ಆಯಿತು. ಪ್ಯಾಕಿಂಗ್‌ಗೆ ಮೊದಲು ನಾಲಿಗೆಗೆ ತಾಗಿಸಿ ನೋಡುವುದು ಅಣ್ಣನ ಕೆಲಸ. ಎಣ್ಣೆಯನ್ನು ಸೋಪಾಗಿಸುವ ಕಾಸ್ಟಿಕ್ ಸೋಡಾ ಹೆಚ್ಚಾಗಿದ್ದರೆ ಚುರ್ ಎನ್ನುತ್ತದೆ. ಇಂದು ನಾನೇ ನೋಡಿದೆ. ಬ್ಯಾಟರಿ ನೆಕ್ಕಿದ ಹಾಗಾಯಿತು.
ಹಂಡೆಯಜ್ಜ ನಂಬಲಿಲ್ಲ. ಅಪ್ಪನ ಕಾಲದಿಂದ ಸೋಪು ಕಲಕುತ್ತಿರುವವನು. "ನಿಮ್ಮದು ಆಫೀಸು ನಾಲಿಗೆ ಸಣ್ಣ ಯಜಮಾನ್ರೇ, ಕಾಫಿಗೆ ಪಳಗಿದ್ದು. ಕೊಡಿ ಇಲ್ಲಿ."
ತಾಗಿಸಿದ. ಉಗಿದ. ಇನ್ನೊಂದು ಬಾರು ತೆಗೆದುಕೊಂಡ, ಅದನ್ನೂ ಉಗಿದ. ಆಮೇಲೆ ತಮಾಷೆ ಮಾಡಲಿಲ್ಲ.
"ದೊಡ್ಡವರ ಕೈ ತಪ್ಪಿದೆ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ. ಮೈಯಲ್ಲಿ ಸರಿ ಇರಲಿಲ್ಲವೇನೋ ಪಾಪ."
ನಾನು ಹೂಂ ಎಂದೆ.
ಹೂಂ ಎಂದುಬಿಟ್ಟೆ.

ಮಾರ್ಚ್ 20
ಇಲ್ಲಿಯಾದರೂ ಬರೆದಿಡಬೇಕು.
ಅಣ್ಣ ಕಾಸ್ಟಿಕ್ ನೀರನ್ನು ಮಗ್ಗಿನಲ್ಲಿ ಸುರಿಯುವಾಗ ಗಟ್ಟಿಯಾಗಿ ಎಣಿಸುತ್ತಿದ್ದ. ಹತ್ತು ಮಗ್ಗು. ಆ ಹೊತ್ತಿನಲ್ಲಿ ಯಾರೂ ಮಾತಾಡಿಸಬಾರದು. ಆ ಕೊನೆಯ ಸೋಪು ಕುದಿಸಿದ ದಿನ ನಾನು ಕೂಗಿದೆ. ಫೋನಿನಲ್ಲಿ ಹೋಟೆಲಿನವನು, ಆರ್ಡರ್ ಇವತ್ತೇ ಬೇಕು ಎಂದು ರೇಗುತ್ತಿದ್ದ. ಅಣ್ಣ ಬಂದು ಮಾತಾಡಿ ಸಮಾಧಾನ ಮಾಡಿದ. ಹೊರಡುವಾಗ ಬಾಗಿಲಲ್ಲಿ ನಿಂತು ನಗುತ್ತಾ ಕೇಳಿದ —
"ಲೋ, ಎಷ್ಟಕ್ಕೆ ಬಂದಿದ್ದೆ ನಾನು? ಆರೋ, ಏಳೋ?"
"ಆರು" ಎಂದೆ. ಕಾಗದದಿಂದ ತಲೆ ಎತ್ತಲಿಲ್ಲ. ಏಳು ಎಂದು ಅವನು ಎಣಿಸಿದ್ದು ನನ್ನ ಕಿವಿಗೆ ಬಿದ್ದಿತ್ತು. ಇವತ್ತಿಗೂ ಕೇಳಿಸುತ್ತಿದೆ. ಆಗ ಮಾತ್ರ ಬಾಯಿಗೆ ಬಂದದ್ದು ಆರು.
ನನ್ನ ಮಾತು ನಂಬಿ ಹೋಗಿ ಏಳನೆಯದನ್ನು ಇನ್ನೊಂದು ಸಲ ಸುರಿದ.

ಮಾರ್ಚ್ 26, ಸಂಜೆ
ಆರು ದಿನ ಪುಸ್ತಕ ತೆಗೆಯಲಿಲ್ಲ.
ಸೋಪು ಹಾಳಲ್ಲ, ಎಣ್ಣೆ ಬೆರೆಸಿ ಮತ್ತೆ ಕರಗಿಸಿದರೆ ಸರಿಹೋಗುತ್ತದೆ ಎನ್ನುತ್ತಾನೆ ಹಂಡೆಯಜ್ಜ. ಅತ್ತಿಗೆಗೆ ತಿಳಿಸಿ ಕರಗಿಸೋಣ ಎಂದು ಅವರ ಮನೆಗೆ ಹೋದೆ. ಕಾಫಿ ಕೊಟ್ಟರು. ಲೋಟ ಹಿಡಿದ ಅಂಗೈ ಕೆಂಪಗೆ ಸುಲಿದಿತ್ತು.
"ಅತ್ತಿಗೆ, ಆ ಸೋಪು ಹಚ್ಚಬೇಡಿ. ಕಾಸ್ಟಿಕ್ ಜಾಸ್ತಿಯಾಗಿದೆ."
"ಗೊತ್ತು. ಸೋಪಿನವನ ಹೆಂಡತಿ ನಾನು, ಅಷ್ಟೂ ತಿಳಿಯಲ್ವಾ?"
"ಮತ್ತೆ ಯಾಕೆ..."
ಕಿಟಕಿಗೆ ಹೇಳಿದ ಹಾಗೆ ಹೇಳಿದರು. "ಅವರಿಗೆ ಲೆಕ್ಕ ತಪ್ಪುತ್ತಾ? ತಪ್ಪಿದೆ ಅಂದ್ರೆ ಆವತ್ತೇ ಏನೋ ಆಗ್ತಿತ್ತು ಅವರಿಗೆ. ಊಟಕ್ಕೆ ಎದುರಿಗೇ ಕೂತಿದ್ರು. ನಾನು ಮುಖ ನೋಡ್ಲಿಲ್ಲ ಕಣೋ. ಉಪ್ಪು ಸಾಕಾ ಅಂತ ಕೇಳಿ ಎದ್ದುಹೋದೆ. ನೋಡಿದ್ರೆ ಆಸ್ಪತ್ರೆಗಾದ್ರೂ..."
ಲೋಟ ಕೆಳಗಿಟ್ಟೆ. ಬಾಯಿ ತೆರೆದೆ. ಕಾಫಿ ಚೆನ್ನಾಗಿದೆ ಎಂದು ಹೇಳಿ ಬಂದೆ.

ಮಾರ್ಚ್ 27, ಬೆಳಿಗ್ಗೆ 8
ಹಂಡೆ ಕಾಯುತ್ತಿದೆ. ಬಾರುಗಳನ್ನೆಲ್ಲ ತುರಿದು ಹಾಕಿಯಾಯಿತು. ಒಂದು ಮಾತ್ರ ಬಾಕಿ, ಅತ್ತಿಗೆಯ ಹತ್ತಿರ ಇರುವುದು.
ಫೋನ್ ಮಾಡಿ ತನ್ನಿ ಎಂದೆ. ಒಂದು ಮಾತು ಹೇಳುವುದಿದೆ ಎಂದೂ ಅಂದೆ. ಅಷ್ಟು ಹೇಳಿದ ಮೇಲೆ ಹಿಂದೆ ಸರಿಯುವ ಹಾಗಿಲ್ಲ. ಹೇಳಿದರೆ ಈ ಜನ್ಮದಲ್ಲಿ ನನ್ನ ಮುಖ ನೋಡದೆ ಇರಬಹುದು. ಇರಲಿ. ಆ ಕೈ ಸುಡುವುದಾದರೂ ನಿಲ್ಲಲಿ.
ಗೇಟಿನ ಸದ್ದು. ಅವರೇ. ಅಂಗೈಗೆ ಬಟ್ಟೆ ಸುತ್ತಿಕೊಂಡು ಆ ಬಾರು ಹಿಡಿದಿದ್ದಾರೆ. ಎಷ್ಟು ಸವೆದಿದೆ ಅದು — ಮೂಲೆಯ ಗುರುತು ಮಾತ್ರ ಹಾಗೇ ಇದೆ, ಅಲ್ಲಿ ನೀರು ತಾಗದ ಹಾಗೆ ತೊಳೆದುಕೊಂಡಿದ್ದಾರೆ...
ಏಳು ಅತ್ತಿಗೆ, ಅವನು ಏಳಕ್ಕೆ ಬಂದಿದ್ದ, ನಾನೇ