ಕಾಯುತ್ತ ಕೂರದ ತುಣುಕಾಳುಗಳು

ತೇಲುಪೇಟೆ, ಕಾರವಾರದ ಕಡಲು
ಇಸವಿ ೨೩೯೧, ಫೆಬ್ರವರಿ ಮೂವತ್ತು

ಹನ್ನೆರಡು ತಲೆಮಾರಿನ ಹಿಂದಿನ ಅಜ್ಜಿಗೆ, ಮೊಮ್ಮಗಳು ಮಂದಾರಾ ಮಾಡುವ ನಮಸ್ಕಾರ.

ನಮ್ಮ ಫೆಬ್ರವರಿಗೆ ಮೂವತ್ತು ದಿನ, ತಪ್ಪು ಬರೆದೆನೆಂದುಕೊಳ್ಳಬೇಡಿ. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಯಂತ್ರಗಳನ್ನು ಜೋಡಿಸಿ ಲೆಕ್ಕ ಹಾಕಿಸುವ ಕೆಲಸ ನಿಮ್ಮದೂ ಆಗಿತ್ತಂತೆ. ಅದಕ್ಕೇ ನನ್ನ ಹೊಟ್ಟೆಕಿಚ್ಚನ್ನು ನಿಮ್ಮ ಹತ್ತಿರ ಹೇಳಿಕೊಳ್ಳುತ್ತಿದ್ದೇನೆ.

ನಮ್ಮ ಊರು ನೀರಿನ ಮೇಲಿದೆ. ಬಿರುಗಾಳಿಯ ದಾರಿ ಮೊದಲೇ ಗೊತ್ತಾದರೆ ಹಗ್ಗ ಬಿಚ್ಚಿ ಊರನ್ನೇ ಎಳೆದುಕೊಂಡು ಹೋಗುತ್ತೇವೆ; ಇಲ್ಲದಿದ್ದರೆ ಮುಳುಗುತ್ತೇವೆ. ಅಷ್ಟು ದೊಡ್ಡ ಲೆಕ್ಕ ಒಂದು ಯಂತ್ರದಿಂದ ಆಗುವುದಿಲ್ಲ. ಒಲೆ, ದೋಣಿ, ದೀಪದ ಕಂಬ, ಎಲ್ಲದರೊಳಗೂ ಒಂದೊಂದು ತುಣುಕಾಳು ಇರುತ್ತದೆ. ನೀವು ಪ್ರೋಗ್ರಾಮು ಎನ್ನುತ್ತಿದ್ದಿರಲ್ಲ, ಅದರದೇ ಪುಟ್ಟ ತುಂಡು. ಕಡಲಿನ ಒಂದು ಪಾಲಿನ ಲೆಕ್ಕವನ್ನು ತನ್ನೊಳಗೇ ಇಟ್ಟುಕೊಂಡು, ಪಕ್ಕದ ಪಾಲಿನ ಸುದ್ದಿ ಬೇಕಾದರೆ ಅಲ್ಲಿನ ಆಳಿಗೆ ಸಂದೇಶ ಕಳಿಸಿ ಕೇಳುತ್ತದೆ. ಮೇಲೆ ಅನ್ನ ಬೇಯುತ್ತಿರುವಾಗಲೇ ಒಲೆ ಅಲೆಯ ಎತ್ತರ ಎಣಿಸುತ್ತಿರುತ್ತದೆ.

ಅವನ್ನೆಲ್ಲ ಕಟ್ಟಿದವಳು ನಾನು. ನನ್ನ ಆಳುಗಳು ಶಿಸ್ತಿನವು, ಉತ್ತರ ಬರುವ ತನಕ ಅಲ್ಲಾಡುವುದಿಲ್ಲ. ಆಮೇಲೆ ತಂಗಿ ಕಾದಂಬಿನಿ ತನ್ನ ಹತ್ತಿರದ ಕೆಲವು ಯಂತ್ರಗಳಿಗೆ ಬೇರೆ ಥರದ ಆಳುಗಳನ್ನು ಬರೆದಳು. ಅವಳವು ಕೇಳಿ ಸುಮ್ಮನಿರದೆ ಹಳೆಯ ಉತ್ತರದ ಮೇಲೇ ಕೆಲಸ ಮುಂದುವರಿಸಿ, ಹೊಸದು ಬಂದಾಗ ತಿದ್ದಿಕೊಳ್ಳುತ್ತವೆ.

"ಇದೆಂಥ ಅಡ್ಡಾದಿಡ್ಡಿ ಕೆಲಸವೇ?" ಎಂದೆ.

"ನಡೆಯುತ್ತಲ್ಲಾ ಅಕ್ಕಾ," ಎಂದು ನಕ್ಕಳು.

ಹೋದ ವಾರ ಗಾಳಿ ಎದ್ದಿತು. ದೋಣಿಗಳು ಚದುರಿ ಸಂದೇಶಗಳು ತಡವಾದವು. ನನ್ನ ಆಳುಗಳಲ್ಲಿ ಒಂದು ಇನ್ನೊಂದಕ್ಕೆ, ಆ ಇನ್ನೊಂದು ಮತ್ತೊಂದಕ್ಕೆ ಕಾಯುತ್ತ ಎಲ್ಲವೂ ನಿಂತುಬಿಟ್ಟವು. ಕಾದಂಬಿನಿ ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ನಿನ್ನ ಯಂತ್ರಗಳನ್ನು ನನ್ನ ಆಳುಗಳಿಗೆ ಬಿಟ್ಟುಕೊಡು. ನನ್ನ ಹತ್ತಿರ ಇರೋದು ಸಾಲೋದಿಲ್ಲ."

ಅವಳ ಮುಖ ನೋಡಲಾಗಲಿಲ್ಲ. ಎಷ್ಟೋ ವರ್ಷ ಕಟ್ಟಿದ್ದನ್ನು ನಾನೇ ಅಳಿಸಿದೆ. ಅವಳ ಆಳುಗಳು ಊರೆಲ್ಲ ಹರಡಿಕೊಂಡವು, ಗಾಳಿಯ ದಾರಿ ಹೇಳಿದವು. ಊರು ಉತ್ತರಕ್ಕೆ ಸರಿಯಿತು. ಒಬ್ಬರೂ ಸಾಯಲಿಲ್ಲ.

ಜನ ಅವಳನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಜ್ಜಿ, ಜೀವ ಉಳಿದ ಸಂತೋಷದಲ್ಲಿ ನಾನೂ ಕುಣಿಯಬೇಕಿತ್ತು. ನನ್ನ ಹೊಟ್ಟೆಯಲ್ಲಿ ಕೆಂಡ ಬಿದ್ದಿತ್ತು. ಅವಳು ಇಳಿದು ಬಂದು, "ಹೀಗೆ ಲೆಕ್ಕ ಹಾಕೋ ಪದ್ಧತಿಗೆ ಇಬ್ಬರ ಹೆಸರೂ ಇಡೋಣ ಅಕ್ಕಾ," ಎಂದಳು.

"ನಿನ್ನ ಭಿಕ್ಷೆ ಬೇಡ," ಎಂದುಬಿಟ್ಟೆ.

ಅವಳು ಒತ್ತಾಯ ಮಾಡಲಿಲ್ಲ. ಈಗ ಎಲ್ಲರ ಬಾಯಲ್ಲೂ ಕಾದಂಬಿನಿ ಪದ್ಧತಿ.

ನಿಮ್ಮಲ್ಲಿ ಒಂದು ಕೋರಿಕೆ. ಯಾರಾದರೂ ಹೆಸರು ಹಂಚಿಕೊಳ್ಳಲು ಬಂದರೆ ಹೂಂ ಅನ್ನಿ. ನಾಳೆಯಿಂದ ಕಾದಂಬಿನಿ ಊರಿಗೆಲ್ಲ ಆ ಪದ್ಧತಿಯ ಪಾಠ ಹೇಳುತ್ತಾಳೆ. ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹೊಟ್ಟೆಕಿಚ್ಚು ಇನ್ನೂ ಆರಿಲ್ಲ; ಅದನ್ನೂ ಪಕ್ಕದಲ್ಲೇ ಕೂರಿಸಿಕೊಳ್ಳುತ್ತೇನೆ.