ಫ್ಲಾಪಿ ಪೋಸ್ಟಿಗೆ ಹಾಕಬೇಡ್ರಿ

ತುಮಕೂರು
೧೪ ಜುಲೈ ೨೦೦೩

ಪ್ರೀತಿಯ ಪಪ್ಪಾ,

ನಿಮ್ಮ ಕೈಬರಹ ನೋಡಿ ನಾನು ಮಾಡಿದ ಕನ್ನಡ ಫಾಂಟನ್ನು ಕಂಪ್ಯೂಟರಿಗೆ ಹಾಕಲು ಉಚಿತವಾಗಿ ಹಂಚುವ ಲಿನಕ್ಸ್ ಸಿಡಿಗೆ ಆರಿಸಿದ್ದಾರೆ! ಇವರಿಗೆ ಹೇಳಿದೆ, ಅತ್ತೆಯವರಿಗೆ ಹೇಳಿದೆ, ಹಾಲಿನವಳಿಗೂ ಹೇಳಿದೆ. ಎಲ್ಲರೂ ‘ಒಳ್ಳೇದಾಯ್ತು’ ಎಂದು ತಮ್ಮ ತಮ್ಮ ಕೆಲಸಕ್ಕೆ ಹೋದರು.

ಒಂದೇ ತೊಡಕು. ಸಿದ್ಧ ಫಾಂಟ್ ಕೊಟ್ಟರೆ ಸಾಲದು, ಮೂಲವನ್ನೂ ಕೊಡಬೇಕಂತೆ. ಅಕ್ಷರ ತಿದ್ದಬೇಕೆನಿಸಿದಾಗ ನಾನೇ ಯಾವ ಫೈಲು ತೆರೆದು ಕೂರುತ್ತೇನೋ ಅದೇ ಮೂಲವಂತೆ. ಆ ಫೈಲು ಇರುವುದು ಮೂಡಲಗಿಯ ನಮ್ಮ ಮನೆಯಲ್ಲಿ, ನನ್ನ ಟೇಬಲ್ಲಿನ ಖಾನೆಯ ನೀಲಿ ಫ್ಲಾಪಿಯಲ್ಲಿ.

“ನಿಮ್ಮಣ್ಣ ಪೋಸ್ಟಲ್ಲಿ ಕಳಿಸಲಿ ಬಿಡಮ್ಮ” ಎಂದರು ಅತ್ತೆ. ಫ್ಲಾಪಿ ದಾರಿಯಲ್ಲಿ ಕೆಡುತ್ತದೆ, ನಾನೇ ಹೋಗಬೇಕು ಎಂದೆ. ಅವರು ಫೋನ್ ಮಾಡಿದರೆ ನೀವೂ ಹಾಗೇ ಹೇಳಿರಿ. ಅರಿಹಂತಣ್ಣನಿಗೂ ಹೇಳಿಕೊಡಿ.

ಇಲ್ಲಿ ಎಲ್ಲರೂ ಒಳ್ಳೆಯವರು. ನಾನು ‘ಊಟಾ ಮಾಡಾಕತ್ತೇನಿ’ ಎಂದರೆ ನಗುತ್ತಾರೆ, ಅದಕ್ಕೇ ಮಾತು ಕಡಿಮೆ ಮಾಡಿದ್ದೇನೆ. ಇವರು ಬರುವುದು ರಾತ್ರಿ ಎಂಟಕ್ಕೆ.

ಫೈಲು ಕಳಿಸಲು ಒಂದು ದಿನ ಸಾಕು. ಅತ್ತೆಯವರಿಗೆ ಹದಿನೈದು ದಿನ ಬೇಕೆಂದು ಹೇಳಿದ್ದೇನೆ. ಮಮ್ಮಿಗೆ ನನ್ನ ಹಾಸಿಗೆ ಬಿಸಿಲಿಗೆ ಹಾಕಲು ಹೇಳಿ. ಶುಕ್ರವಾರ ಬೆಳಗ್ಗೆ ರಾಣಿ ಚೆನ್ನಮ್ಮ ರೈಲಿಗೆ ಬಂದು ಘಟಪ್ರಭಾದಲ್ಲಿ ಇಳಿಯುತ್ತೇನೆ.

ನಿಮ್ಮ
ಪ್ರಣಿತಾ