ಇದನ್ನು ರಂಜಿತಾಳೇ ಓದಲಿ

ಸಿದ್ದಾಪುರ
ಗುರುವಾರ

ಪಳನಿಸಾಮಿ ಅಣ್ಣನವರಿಗೆ,

ದಮಯಂತಿ ಟೀಚರ್ ಮಾಡುವ ನಮಸ್ಕಾರ. ಕಾಫಿ ಪಿಕ್ಕಿಂಗ್ ಮುಗಿಯಿತೆಂದು ಭಾನುವಾರ ತೋಟದ ಲೈನ್ ಮನೆ ಬಿಟ್ಟು ಜೀಪಿನಲ್ಲಿ ಬೇರೆ ಎಸ್ಟೇಟಿಗೆ ಹೊರಟಿದ್ದೀರಂತೆ. ದಯವಿಟ್ಟು ಹೋಗಬೇಡಿ. ಹೋಗಲೇಬೇಕಿದ್ದರೆ ಪರೀಕ್ಷೆಯವರೆಗೆ ಮಗಳು ರಂಜಿತಾಳನ್ನು ನಮ್ಮ ಮನೆಯಲ್ಲಿ ಬಿಡಿ. ನನ್ನ ಅತ್ತೆಯೂ ಒಪ್ಪಿದ್ದಾರೆ.

ತೋಟಕ್ಕೆ ಬಂದ ಆನೆ ತುಳಿದು ಅವಳ ಅಮ್ಮ ಹೋದ ಮೇಲೆ ಅವಳು ಮಾತೇ ಬಿಟ್ಟಿದ್ದಳು. ಕನ್ನಡ, ಕೊಡವ, ಅರೆಭಾಷೆ ಪದ್ಯಗಳನ್ನು ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಓದುವಾಗ ತುಟಿ ಮಾತ್ರ ಆಡಿಸುತ್ತಿದ್ದಳು. ಮೊನ್ನೆ ನಾನೊಂದು ತಮಿಳು ಲಾಲಿ ಹಾಡಿದೆ. ರಾಗ ಕೆಟ್ಟಿತು. "ಅಪ್ಪಡಿ ಇಲ್ಲೆ ಟೀಚರ್," ಹಾಗಲ್ಲ ಎಂದು ಎದ್ದು ನಿಂತು, ತಾನೇ ಪೂರ್ತಿ ಹಾಡಿದಳು. ಆಮೇಲೆ ತನ್ನದೇ ಒಂದು ಪದ್ಯ ಶುರುಮಾಡಿದಳು: "ಅಮ್ಮ ಹೋದ ದಾರಿಲಿ ಕಾಫಿ ಹೂ ಬಂದಿದೆ." ಮುಂದಿನ ಸಾಲು ಸೋಮವಾರ ಹೇಳ್ತೇನೆ ಅಂದಿದ್ದಾಳೆ.

ಮನೆಯಲ್ಲಿ ಅವಳಿನ್ನೂ ಬಾಯಿ ಬಿಟ್ಟಿಲ್ಲವೆಂದು ನೀವು ನನ್ನ ಮಾತು ನಂಬಲಿಲ್ಲ. ನಿಮಗೆ ಓದಲು ಬಾರದೆಂದು ಗೊತ್ತಿದ್ದೇ ಈ ಪತ್ರವನ್ನು ಅವಳ ಕೈಯಲ್ಲಿ ಕಳಿಸಿದ್ದೇನೆ.

ಈಗ ಇದನ್ನು ಓದಿ ಹೇಳುತ್ತಿರುವುದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಆಗಿದ್ದರೆ, ಸಾರ್, ಇಲ್ಲಿಗೇ ನಿಲ್ಲಿಸಿ, ಅವಳ ಕೈಗೆ ಕೊಡಿ.

ಅವಳೇ ಆಗಿದ್ದರೆ, ಅಣ್ಣಾ, ಭಾನುವಾರದ ಜೀಪು ಬೇಡವೆನ್ನಿ.

ನಿಮ್ಮ ಮಗಳ ಟೀಚರ್,
ದಮಯಂತಿ